ಚಿನ್ನದ ರೇಕಿನ ಮೇಲೊಂದು ಅನುಮಾನ

ಪುಸ್ತಕದಲ್ಲಿರುವುದನ್ನು ಸುಲಭಕ್ಕೆ ಒಪ್ಪದ ಹುಡುಗರು ಮೇಷ್ಟರುಗಳಿಗೆ ತಲೆನೋವು. ಅಮೆರಿಕದ ಬಾಲ್ಟಿಮೋರಿನಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಎಡ್ವಿನ್ ಹಾಲ್ ಅಂಥವನೊಬ್ಬ. ಮ್ಯಾಕ್ಸ್‌ವೆಲ್ಲರ 1873ರ ಮಹಾಗ್ರಂಥದಲ್ಲಿ, ಅಯಸ್ಕಾಂತದ ಬಲ ಬೀಳುವುದು ತಂತಿಯ ಮೇಲೆ, ಅದರೊಳಗೆ ಹರಿಯುವ ಕರೆಂಟಿನ ಮೇಲಲ್ಲ ಎಂಬ ಮಾತಿತ್ತು. ಹಾಲ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಕರೆಂಟಿಲ್ಲದ ತಾಮ್ರದ ತಂತಿಯನ್ನು ಅಯಸ್ಕಾಂತ ಮೂಸಿಯೂ ನೋಡುವುದಿಲ್ಲವಲ್ಲ! ಗುರು ಹೆನ್ರಿ ರೋಲೆಂಡರನ್ನು ಕೇಳಿದ. ಅವರಿಗೂ ಅದೇ ಸಂಶಯವಿತ್ತು. ಹಿಂದೊಮ್ಮೆ ಪರೀಕ್ಷಿಸಿ, ಫಲ ಸಿಗದೆ ಬಿಟ್ಟಿದ್ದರು. ತಮಗಾಗದ್ದನ್ನು ಶಿಷ್ಯ ಮಾಡಲಿ ಎಂದು ದಾರಿ ಬಿಟ್ಟರಲ್ಲ, ಅದು ದೊಡ್ಡ ಗುಣ.

ಗಾಜಿನ ಮೇಲೆ ಚಿನ್ನದ ರೇಕನ್ನು, ನಮ್ಮ ಮೈಸೂರು ಶೈಲಿಯ ದೇವರ ಪಟಗಳಿಗೆ ಅಂಟಿಸುತ್ತಾರಲ್ಲ, ಅಂಥದ್ದನ್ನು ಅಂಟಿಸಿ, ಉದ್ದಕ್ಕೆ ಕರೆಂಟು ಹರಿಸಿ, ಬಲವಾದ ಅಯಸ್ಕಾಂತದ ನಡುವೆ ಇಟ್ಟ. 1879ರ ಅಕ್ಟೋಬರ್ 28ರಂದು, ರೇಕಿನ ಎರಡು ಅಂಚುಗಳಿಗೆ ಜೋಡಿಸಿದ್ದ ಗ್ಯಾಲ್ವನೋಮೀಟರು ಅಲುಗಿತು. ಅಯಸ್ಕಾಂತ ಕರೆಂಟನ್ನೇ ಪಕ್ಕಕ್ಕೆ ತಳ್ಳುತ್ತಿತ್ತು! ಹಾಲ್‌ಗೆ ಇನ್ನೂ 24 ತುಂಬಿರಲಿಲ್ಲ. ಎಂಟೇ ದಿನಕ್ಕೆ, ನವೆಂಬರ್ 5ರಂದು, ಇಂಗ್ಲೆಂಡಿನಲ್ಲಿ ಮ್ಯಾಕ್ಸ್‌ವೆಲ್ ತೀರಿಕೊಂಡರು. ಈ ತಿದ್ದುಪಡಿಯನ್ನು ಓದುವ ಯೋಗ ಅವರಿಗಿರಲಿಲ್ಲ.

ಲೋಹದಲ್ಲಿ ಈ ಪರಿಣಾಮ ತೀರ ಅಲ್ಪ. ಅರೆವಾಹಕಗಳು ಬಂದು, 1950ರ ದಶಕದ ನಂತರವೇ ಅದು ಉಪಯೋಗಕ್ಕೆ ಒದಗಿದ್ದು.

ನಮ್ಮ ಅತ್ತಿಗೆಗೆ ಒಂದು ಸಣ್ಣ ಗಿರಣಿಯಿದೆ. ಮೆಣಸಿನಪುಡಿ ಕಾಯದೆ ಘಮ ಉಳಿಯಲಿ ಎಂದು, ಮೋಟಾರಿನ ವೇಗ ತಗ್ಗಿಸುವ ಡ್ರೈವ್ ಪೆಟ್ಟಿಗೆ ಹಾಕಿಸಿದರು. ಒಮ್ಮೆ ರಿಪೇರಿಯವನು ತಂತಿಗೆ ಇಕ್ಕಳದಂತೆ ಕಚ್ಚಿಸುವ ಕ್ಲ್ಯಾಂಪ್ ಮೀಟರು ಹಿಡಿದು, ‘ಪೆಟ್ಟಿಗೆಗೆ ಹೋಗುವುದು ಮೂರು ಆಂಪಿಯರ್, ಮೋಟಾರಿಗೆ ಆರು! ವೈಂಡಿಂಗ್ ಹೋಗಿದೆ ಅಕ್ಕಾ, ಮೋಟಾರು ಬಿಚ್ಚಬೇಕು’ ಅಂದ. ಅತ್ತಿಗೆ ಒಪ್ಪಲಿಲ್ಲ. ‘ಸುಟ್ಟ ವಾಸನೆಯಿಲ್ಲ, ಮೈ ಬಿಸಿಯಿಲ್ಲ. ಬೇರೆ ಮೀಟರು ತಾ’ ಎಂದರು.

ಅವರ ಹಟ ಸರಿಯೇ. ನಿಧಾನ ತಿರುಗುವ ಮೋಟಾರಿಗೆ ವೋಲ್ಟೇಜು ಕಡಿಮೆ ಸಾಕು. ಆದರೆ ಕಲ್ಲು ತಿರುಗಿಸುವ ಬಲಕ್ಕೆ ಕರೆಂಟು ಬೇಕೇ ಬೇಕು. ಆದ್ದರಿಂದ ಹೊರಗಿನ ಆಂಪಿಯರ್ ಒಳಗಿನದಕ್ಕಿಂತ ಹೆಚ್ಚಿದ್ದರೆ ಅದು ರೋಗವಲ್ಲ. ಇನ್ನೊಂದು ಮೋಸ ಮೀಟರಿನದೇ. ಡ್ರೈವ್ ಕರೆಂಟನ್ನು ಗುಟುಕು ಗುಟುಕಾಗಿ ಎಳೆಯುತ್ತದೆ. ಅಗ್ಗದ ಮೀಟರು ಅಲೆ ನಯವಾಗಿದೆ ಎಂದುಕೊಂಡು ಸರಾಸರಿ ಲೆಕ್ಕ ಹಾಕಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸಾಮಾನ್ಯ ಕ್ಲ್ಯಾಂಪಿನೊಳಗಿರುವುದು ಟ್ರಾನ್ಸ್‌ಫಾರ್ಮರು, ಏರಿಳಿಯದ ಡಿ.ಸಿ. ಕರೆಂಟು ಅದಕ್ಕೆ ಕಾಣುವುದೇ ಇಲ್ಲ, ತೀರ ನಿಧಾನವಾಗಿ ಏರಿಳಿದರೂ ತಡವರಿಸುತ್ತದೆ. ಹಾಲ್ ಪರಿಣಾಮದ ತುಣುಕಿಗೆ ಆ ಕುರುಡಿಲ್ಲ. ಅನೇಕ ಡ್ರೈವ್‌ಗಳ ಹೊಟ್ಟೆಯಲ್ಲಿ ಅದು ಕೂತು, ಸೆಕೆಂಡಿಗೆ ಸಾವಿರಾರು ಸಲ ಕರೆಂಟು ಅಳೆಯಲು ನೆರವಾಗುತ್ತದೆ. ಮಿತಿ ಮೀರಿದರೆ ಮೋಟಾರು ಸುಡುವ ಮೊದಲೇ ಡ್ರೈವ್ ನಿಲ್ಲುತ್ತದೆ.

ಬೇರೆ ಮೀಟರು ಬಂತು. ಒಳಗಿನ ಕರೆಂಟು ನಾಲ್ಕರ ಹತ್ತಿರ ತೋರಿಸಿತು. ಮೋಟಾರು ಬಿಚ್ಚಲಿಲ್ಲ. ಈಗ ಯಾರೇ ಚೀಲ ಹಿಡಿದು ಬರಲಿ, ಅತ್ತಿಗೆಯ ಮೊದಲ ಪ್ರಶ್ನೆ: ‘ಇದು ಟ್ರೂ ಆರ್‌ಎಂಎಸ್ ಮೀಟರೇನಪ್ಪಾ?’