ಆಟಿಸಂ ಇರುವ ಮಗುವಿಗೆ ದಿವ್ಯಾಂಗ ಸೌಲಭ್ಯ: ಸಾಂಗಲಿ-ಮಿರಜ ಗಡಿಭಾಗದ ಪಾಲಕರಿಗೆ ಮಾಹಿತಿ

ಆಟಿಸಂ ಎಂಬ ಹೆಸರು ಗಡಿಭಾಗದ ಹಳ್ಳಿಗಳಿಗೆ ಇನ್ನೂ ಹೊಸದು. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎನ್ನುತ್ತಾರೆ, ಮರಾಠಿಯಲ್ಲಿ ಸ್ವಮಗ್ನತಾ. ಸಾಂಗಲಿ ಜಿಲ್ಲೆಯ ಕಚೇರಿಗಳಲ್ಲಿ ಮರಾಠಿಯ ಹೆಸರೇ ನಡೆಯುವುದರಿಂದ ಅದನ್ನು ನೆನಪಿಟ್ಟುಕೊಂಡರೆ ಅನುಕೂಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ. ಹಾಗಾಗಿ ಆ ಕಾಲದಲ್ಲಿ ಇಂಥ ಎಷ್ಟೋ ಮಕ್ಕಳಿಗೆ 'ಮತಿಮಂದ' ಎಂದು ಬರೆದ ಪ್ರಮಾಣಪತ್ರವೇ ಗತಿಯಾಗಿತ್ತು. 2016ರ ದಿವ್ಯಾಂಗರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು.

ಗಡಿಯ ಪಾಲಕರು ಮೊದಲು ತಿಳಿಯಬೇಕಾದದ್ದು ಇಷ್ಟು: ಪ್ರಮಾಣಪತ್ರಕ್ಕೆ ರಾಜ್ಯದ ಗಡಿ ಇಲ್ಲ, ಮಾಸಿಕ ಅನುದಾನಕ್ಕೆ ಇದೆ. ಕಾಯ್ದೆಯ 58ನೇ ಕಲಮಿನ ಪ್ರಕಾರ ದಿವ್ಯಾಂಗ ಪ್ರಮಾಣಪತ್ರ ದೇಶದಾದ್ಯಂತ ಸಲ್ಲುತ್ತದೆ. ಅನುದಾನವನ್ನು ಮಾತ್ರ ಆಯಾ ರಾಜ್ಯ ತನ್ನ ರಹಿವಾಸಿಗಳಿಗಷ್ಟೇ ಕೊಡುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿದವರ ಓಡಾಟ ವರ್ಷಗಟ್ಟಲೆ ವ್ಯರ್ಥವಾಗುತ್ತದೆ.

ತಡ ಆಗುವುದು ಮನೆಯಲ್ಲೇ

ಮನೆಯಲ್ಲಿ ಕನ್ನಡ, ಅಂಗಡಿ-ಸಂತೆಯಲ್ಲಿ ಮರಾಠಿ. ಮಗು ಮೂರು ವರ್ಷವಾದರೂ ಮಾತಾಡದಿದ್ದರೆ "ಎರಡು ಭಾಷೆ ಕೇಳಿ ಗೊಂದಲ ಆಗೇದ, ತಾನೇ ಮಾತಾಡ್ತದ" ಎಂದು ಹಿರಿಯರು ಸಮಾಧಾನ ಹೇಳುವುದು ಈ ಭಾಗದಲ್ಲಿ ಸಾಮಾನ್ಯ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಇದ್ದದ್ದು ಹೆಚ್ಚುವುದೂ ಇಲ್ಲ. ಹೆಸರು ಹಿಡಿದು ಕರೆದರೂ ತಿರುಗದ, ಕಣ್ಣಲ್ಲಿ ಕಣ್ಣಿಟ್ಟು ನೋಡದ, ಬೇಕಾದ್ದನ್ನು ಬೆರಳು ಮಾಡಿ ತೋರಿಸದ, ಒಂದೇ ಆಟವನ್ನು ದಿನವಿಡೀ ಆಡುವ ಮಗುವನ್ನು ಬೇಗ ವೈದ್ಯರಿಗೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ಅವರು ಬರೆದುಕೊಟ್ಟ ಚೀಟಿ ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್

2021ರ ಜೂನ್ 1ರಿಂದ ದಿವ್ಯಾಂಗ ಪ್ರಮಾಣಪತ್ರ ಕೇಂದ್ರ ಸರ್ಕಾರದ ಯುಡಿಐಡಿ ತಾಣದ ಮೂಲಕವೇ ಸಿಗಬೇಕು, ಕೈಬರಹದ ಹೊಸ ಪ್ರಮಾಣಪತ್ರ ನಡೆಯುವುದಿಲ್ಲ. 'ಸ್ವಾವಲಂಬನ್ ಕಾರ್ಡ್' ಹೆಸರಿನ ಆ ತಾಣದಲ್ಲಿ ಮೊಬೈಲ್‌ನಿಂದಲೂ ಅರ್ಜಿ ತುಂಬಬಹುದು, ಬಾರದವರು ಊರಿನ ಆನ್‌ಲೈನ್ ಸೇವಾ ಕೇಂದ್ರದಲ್ಲಿ ತುಂಬಿಸಬಹುದು. ಮಗುವಿನ ಆಧಾರ್, ಆರು ತಿಂಗಳೊಳಗಿನ ಫೋಟೋ, ವಿಳಾಸದ ದಾಖಲೆ ಬೇಕು. ಹಳೆಯ ಪ್ರಮಾಣಪತ್ರ ಇದ್ದವರೂ ಅದರ ಆಧಾರದ ಮೇಲೆ ಇದೇ ತಾಣದಲ್ಲಿ ಅರ್ಜಿ ಹಾಕಬೇಕು.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಮಹಾರಾಷ್ಟ್ರದ ಪದ್ಧತಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಮಗುವಿನ ಹೆಸರು, ಕೊನೆಗೆ ತಂದೆಯ ಹೆಸರು. ಕನ್ನಡ ಶಾಲೆಯ ದಾಖಲೆಯಲ್ಲಿ ಅಥವಾ ಕರ್ನಾಟಕದ ತವರುಮನೆಯಲ್ಲಿ ಮಾಡಿಸಿದ ಜನನ ಪತ್ರದಲ್ಲಿ ಈ ಕ್ರಮ ಬೇರೆ ಇರಬಹುದು. ಒಂದು ಅಕ್ಷರ ತಪ್ಪಿದರೂ ಅನುದಾನದ ಅರ್ಜಿ ವಾಪಸು ಬರುವ ಸಂಭವವಿದೆ. ಆದ್ದರಿಂದ ಮೊದಲು ಆಧಾರ್ ಸರಿಪಡಿಸಿಕೊಂಡು ಆಮೇಲೆ ಉಳಿದ ಕಾಗದಗಳಿಗೆ ಕೈ ಹಾಕುವುದು ಲೇಸು.

ಅರ್ಜಿಯಲ್ಲಿ ಆಸ್ಪತ್ರೆಯನ್ನು ಆರಿಸುವ ಜಾಗವಿದೆ. ಈ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆಗಳೆಂದರೆ ಸಾಂಗಲಿಯ ವಸಂತದಾದಾ ಪಾಟೀಲ ಸಿವಿಲ್ ಆಸ್ಪತ್ರೆ ಮತ್ತು ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಆದರೆ ಉಮದಿ, ಸಂಖ ಕಡೆಯವರಿಗೆ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಮಗುವಿಗೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ನಡೆದಿರಬಹುದು. ವಾಸವಿರುವ ಜಿಲ್ಲೆಯಲ್ಲಿ ಇಲ್ಲವೇ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯ ಅಧಿಕೃತ ವೈದ್ಯರಲ್ಲಿ ಅರ್ಜಿ ಕೊಡಲು ಕೇಂದ್ರದ ನಿಯಮದಲ್ಲೇ ಅವಕಾಶವಿದೆ. ಹೀಗೆ ಮಾಡುವವರು ಆಸ್ಪತ್ರೆಯ ಕೇಸ್ ಪೇಪರ್ ಜೋಪಾನ ಮಾಡಬೇಕು.

ಬೋರ್ಡಿನ ಮುಂದೆ

ಆಟಿಸಂ ಅಳೆಯಲು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. 'ಇಸಾ' ಎಂಬ ಭಾರತೀಯ ಮಾಪನ ಪಟ್ಟಿಯಿದೆ. ಅದರಲ್ಲಿ 40 ಅಂಶಗಳಿದ್ದು, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. 107ರಿಂದ 153 ಮಧ್ಯಮ, ಅದಕ್ಕೂ ಮೇಲಿನದು ತೀವ್ರ. ಈ ಅಂಕದಿಂದಲೇ ಶೇಕಡಾವಾರು ನಿಗದಿಯಾಗುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಬೇಕು.

ಅಂಕ ಹಾಕುವವರು ಮಗುವನ್ನು ನೋಡುತ್ತಾರೆ, ಜೊತೆಗೆ ಪಾಲಕರನ್ನು ಕೇಳುತ್ತಾರೆ. ಭಾಷೆಯ ತೊಡಕು ಎದುರಾಗುವುದು ಇಲ್ಲೇ. ಮಗುವಿನ ಬಗ್ಗೆ ಎಲ್ಲವನ್ನೂ ಬಲ್ಲವಳು ತಾಯಿ. ಆಕೆಗೆ ಸಂತೆಯ ಮರಾಠಿ ಬರಬಹುದು, ಆದರೆ ಮಗು ರಾತ್ರಿ ಹೇಗೆ ಮಲಗುತ್ತದೆ, ಯಾವ ಸಪ್ಪಳಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆ, ಹೇಳಿದ್ದನ್ನೇ ಎಷ್ಟು ಸಲ ತಿರುಗಿ ಹೇಳುತ್ತದೆ ಎಂಬುದನ್ನೆಲ್ಲ ಆ ಮರಾಠಿಯಲ್ಲಿ ಬಿಡಿಸಿ ಹೇಳುವುದು ಕಷ್ಟ. "ಹಾಂ, ಠೀಕ್ ಆಹೆ" ಎಂದು ಮುಗಿಸಿಬಿಟ್ಟರೆ ಅಂಕ ಕಡಿಮೆಯಾಗಿ ಮಗುವಿಗೆ ನಷ್ಟ. ಎರಡೂ ಭಾಷೆ ಬಲ್ಲ ಶಿಕ್ಷಕರನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. ಒಂದು ವಾರ ಮಗು ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮೊಬೈಲ್‌ನಲ್ಲಿ ವಿಡಿಯೋ ತೆಗೆದು ತೋರಿಸುವುದು ಇನ್ನೂ ಒಳ್ಳೆಯದು. ಮಗುವಿಗೆ ಬರುವುದು ಕನ್ನಡ ಮಾತ್ರ ಎಂದಾದರೆ ಅದನ್ನು ಮೊದಲೇ ತಿಳಿಸಬೇಕು. ಗೊತ್ತಿಲ್ಲದ ಭಾಷೆಯಲ್ಲಿ ಕರೆದರೆ ಯಾವ ಮಗುವೂ ಉತ್ತರ ಕೊಡದು.

ಚಿಕ್ಕ ಮಕ್ಕಳಿಗೆ ಅವಧಿ ಇರುವ ತಾತ್ಕಾಲಿಕ ಪ್ರಮಾಣಪತ್ರ ಕೊಡುವುದುಂಟು. ಅವಧಿ ಮುಗಿಯುವ ತಾರೀಖನ್ನು ಬರೆದಿಟ್ಟುಕೊಂಡು ಮುಂಚೆಯೇ ಮರುತಪಾಸಣೆಗೆ ಹೋಗಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬಹುದು, ಅದರ ಮೇಲೆ ಅಪೀಲು ಮಾಡಲು 59ನೇ ಕಲಮಿನಲ್ಲಿ ಅವಕಾಶವಿದೆ.

ಅನುದಾನ ಮತ್ತು ಆದಾಯದ ಮಿತಿ

ಮಹಾರಾಷ್ಟ್ರದಲ್ಲಿ ಮಾಸಿಕ ನೆರವು ಬರುವುದು ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಿಂದ. ದಿವ್ಯಾಂಗರಿಗೆ ತಿಂಗಳಿಗೆ 1,500 ರೂಪಾಯಿ ಇದ್ದುದನ್ನು 2,500ಕ್ಕೆ ಏರಿಸಲು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿತು. ದಿವ್ಯಾಂಗರ ಕುಟುಂಬದ ವಾರ್ಷಿಕ ಆದಾಯದ ಮಿತಿ 50,000 ರೂಪಾಯಿ. ದಿನಕ್ಕೆ ಭಾಗಿಸಿದರೆ 137 ರೂಪಾಯಿ! ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗುವ ಮನೆ ಕೂಡ ಇದನ್ನು ದಾಟುತ್ತದೆ. ಈ ಮಿತಿ ಕಾಲಕ್ಕೆ ತಕ್ಕಂತಿಲ್ಲ ಎನ್ನದೆ ಗತ್ಯಂತರವಿಲ್ಲ.

ಇನ್ನೊಂದು ಷರತ್ತು ರಾಜ್ಯದಲ್ಲಿ 15 ವರ್ಷಗಳ ವಾಸ. ಗಡಿಯಾಚೆ ಕೆಲಸಕ್ಕೆ ಹೋಗಿ ಬರುವ, ಅಲ್ಲಿಯ ರೇಷನ್ ಕಾರ್ಡಿನಲ್ಲಿ ಹೆಸರಿರುವ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲಿ. ತಲಾಠಿಯಿಂದ ರಹಿವಾಸಿ ದಾಖಲೆ, ತಹಸೀಲದಾರರಿಂದ ಉತ್ಪನ್ನ ದಾಖಲೆ ಮಾಡಿಸಿ ತಹಸೀಲ ಕಚೇರಿಯ ಸಂಜಯ ಗಾಂಧಿ ಶಾಖೆಗೆ ಕೊಡಬೇಕು. ಮಗುವಿನ ವಯಸ್ಸು, ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಕಾಗದ ಮಾಡಿಸುವ ಮುಂಚೆ ಅಲ್ಲೇ ಕೇಳಿಕೊಂಡರೆ ಹೆಲಪಾಟಿ ತಪ್ಪುತ್ತದೆ. ಎರಡೂ ರಾಜ್ಯಗಳಲ್ಲಿ ಅರ್ಜಿ ಹಾಕಿ ನೋಡೋಣ ಎಂಬ ಆಸೆ ಬೇಡ, ಆಧಾರ್ ಜೋಡಣೆಯಿಂದ ಅದು ಗೊತ್ತಾಗದೆ ಇರುವುದಿಲ್ಲ.

ಆದಾಯ ಮಿತಿ ದಾಟಿದವರಿಗೂ ಬಾಗಿಲು ಮುಚ್ಚಿಲ್ಲ. ರಾಷ್ಟ್ರೀಯ ನ್ಯಾಸದ 'ನಿರಾಮಯ' ಆರೋಗ್ಯ ವಿಮೆ ಆಟಿಸಂ ಇರುವ ಎಲ್ಲರಿಗೂ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಮರಳಿ ಸಿಗುತ್ತದೆ, ಮಾತಿನ ತರಬೇತಿಯಂಥ ಚಿಕಿತ್ಸೆಗೂ ಅದರಲ್ಲಿ ಪಾಲಿದೆ. ನೋಂದಣಿ ಶುಲ್ಕ ಬಡತನ ರೇಖೆಗಿಂತ ಕೆಳಗಿನವರಿಗೆ 250, ಉಳಿದವರಿಗೆ 500 ರೂಪಾಯಿ. ಆರರಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣ ಕಾಯ್ದೆಯಲ್ಲೇ ಇದೆ, ಕನ್ನಡ ಶಾಲೆಗೂ ಇದು ಅನ್ವಯ. ಗ್ರಾಮ ಪಂಚಾಯತಿ ತನ್ನ ಸ್ವಂತ ಆದಾಯದ ಶೇ. 5ನ್ನು ದಿವ್ಯಾಂಗರಿಗೆ ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಕೇಳುವವರಿಲ್ಲದಿದ್ದರೆ ಅದು ಹಾಗೇ ಉಳಿಯುತ್ತದೆ.

ರೈಲಿನ ರಿಯಾಯಿತಿಯ ಲೆಕ್ಕ ಬೇರೆ. ರೈಲ್ವೆಯ ಪಟ್ಟಿ ಹಳೆಯದು, ಅದರಲ್ಲಿ ಬುದ್ಧಿಮಾಂದ್ಯ ಇದೆ, ಆಟಿಸಂ ಎಂದು ಪ್ರತ್ಯೇಕವಾಗಿ ಇಲ್ಲ. ಎರಡೂ ಇರುವ ಮಗುವಾದರೆ ಪ್ರಮಾಣಪತ್ರದಲ್ಲಿ ಎರಡನ್ನೂ ನಮೂದಿಸುವಂತೆ ಬೋರ್ಡಿನಲ್ಲೇ ಕೇಳಬೇಕು.

ಮಗುವಿಗೆ 18 ತುಂಬಿದ ಮೇಲೆ ತಂದೆ ತಾಯಿ ಕಾನೂನಿನ ದೃಷ್ಟಿಯಲ್ಲಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಬ್ಯಾಂಕು, ಹೊಲದ ಪಾಲಿನ ವ್ಯವಹಾರಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕತ್ವ ಪಡೆಯಬೇಕು. ಇದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು, ಕೋರ್ಟಿಗೆ ಹೋಗುವ ಅಗತ್ಯವಿಲ್ಲ.