ಕಪ್ಪೆಯಿಂದ ಕೋಳಿ ಕರುಳಿಗೆ: ಗಾಳದ ತುದಿಯಲ್ಲಿ ಬೆಂಗಳೂರು ಕೆರೆಗಳ ಚರಿತ್ರೆ

ಕೆರೆಯ ನೀರು ಹೇಗಿದೆ ಎಂದು ತಿಳಿಯಲು ಪ್ರಯೋಗಾಲಯದ ವರದಿಯೇ ಬೇಕೆಂದಿಲ್ಲ. ಏರಿಯ ಮೇಲೆ ಗಾಳ ಹಾಕಿ ಕೂತವರು ಕೊಕ್ಕೆಗೆ ಏನು ಚುಚ್ಚಿದ್ದಾರೆ ಎಂದು ನೋಡಿದರೂ ಸಾಕಷ್ಟು ಗೊತ್ತಾಗುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತಲಿನ ಕೆರೆಗಳಲ್ಲಿ ಗಾಳದ ಎರೆ ಕಾಲಕಾಲಕ್ಕೆ ಬದಲಾಗಿದೆ. ಕಪ್ಪೆ ಹೋಗಿ ಹಿಟ್ಟಿನ ಉಂಡೆ ಬಂತು, ಹಿಟ್ಟಿನ ಉಂಡೆಯ ಜಾಗಕ್ಕೆ ಕೋಳಿ ಕರುಳು ಬಂತು. ಈ ಮೂರು ಎರೆಗಳ ಹಿಂದೆ ಆ ನೀರಿನ ಚರಿತ್ರೆಯೇ ಇದೆ.

ಕನ್ನಡ ನಾಡಿನಲ್ಲಿ ಗಾಳದ ವಿದ್ಯೆ ಹೊಸದಲ್ಲ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ (ಆಳ್ವಿಕೆ 1127–1138) ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವೇ ಇದೆ. ಅಡುಗೆಯಿಂದ ಆನೆಯವರೆಗೆ ಎಲ್ಲವನ್ನೂ ಬರೆದಿಟ್ಟ ಈ ರಾಜ ಮೀನುಗಳ ಜಾತಿ, ಅವುಗಳ ಆಹಾರ, ಗಾಳದ ಕೋಲು, ದಾರ, ಕೊಕ್ಕೆಗಳನ್ನೂ ಬಿಡಲಿಲ್ಲ. ಎಲ್ಲ ಮೀನಿಗೂ ಒಂದೇ ಎರೆ ನಡೆಯುವುದಿಲ್ಲ ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಅರಮನೆಯ ಗ್ರಂಥ ಸೇರಿತ್ತು. ಕೆರೆ ಹೊಳೆಗಳ ದಂಡೆಯ ಜನರಿಗೆ ಅದು ಇನ್ನೂ ಮೊದಲೇ ಗೊತ್ತಿದ್ದಿರಬೇಕು.

ಬೆಂಗಳೂರು ಸುತ್ತಿನ ಕೆರೆಗಳು ಮಳೆಯ ಕೆರೆಗಳು. ಒಂದು ತುಂಬಿ ಕೋಡಿ ಹರಿದರೆ ನೀರು ಇನ್ನೊಂದಕ್ಕೆ. ಬೆಳ್ಳಂದೂರು ತುಂಬಿದರೆ ವರ್ತೂರು, ವರ್ತೂರು ತುಂಬಿದರೆ ದಕ್ಷಿಣ ಪಿನಾಕಿನಿ. ಬೇಸಿಗೆಯಲ್ಲಿ ನೀರು ಇಳಿಯುತ್ತಿತ್ತು, ಸಣ್ಣ ಕೆರೆಗಳು ಒಣಗಿಯೇ ಹೋಗುತ್ತಿದ್ದವು. ಇಂಥ ಕೆರೆಗೆ ಹೇಳಿ ಮಾಡಿಸಿದ ಮೀನು ಕೊರವ. ಅದು ನೀರಿನ ಮೇಲೆ ಬಾಯಿಟ್ಟು ಗಾಳಿ ಎಳೆದುಕೊಳ್ಳಬಲ್ಲದು, ನೀರು ಬತ್ತಿದಾಗ ಕೆಸರಿನಲ್ಲೂ ಕೆಲಕಾಲ ಬದುಕಬಲ್ಲದು.

ಕೊರವ ಬೇಟೆಗಾರ ಮೀನು. ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ನಿಲ್ಲುತ್ತದೆ, ಎದುರಿಗೆ ಏನಾದರೂ ಅಲುಗಾಡಿದರೆ ನುಗ್ಗಿ ಹಿಡಿಯುತ್ತದೆ. ಹಾಗಾಗಿ ಇದಕ್ಕೆ ಎರೆ ಜೀವಂತ ಕಪ್ಪೆ ಅಥವಾ ಸಣ್ಣ ಮೀನು. ಕಪ್ಪೆಯ ಬೆನ್ನಿನ ಅಥವಾ ತೊಡೆಯ ತೊಗಲಿಗಷ್ಟೇ ಕೊಕ್ಕೆ ಸಿಕ್ಕಿಸಬೇಕು, ಜೀವಕ್ಕೆ ತಾಗಬಾರದು. ಅದು ನೀರಿನ ಮೇಲೆ ಕಾಲು ಬಡಿದರೇನೇ ಕೊರವ ಏಳುವುದು. ಇದು ಕಣ್ಣಿನ ಬೇಟೆ. ನೀರು ತಿಳಿಯಾಗಿರಬೇಕು, ದಡದಲ್ಲಿ ಜೊಂಡಿರಬೇಕು, ಹಿಡಿಯಲು ಕಪ್ಪೆ ಸಿಗಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಈ ಗಾಳ ನಡೆಯದು.

ಸತ್ತ ಮೀನನ್ನೇ ಎರೆ ಮಾಡುವ ವಿದ್ಯೆಯ ಬಗ್ಗೆ ನಮ್ಮ ಕಡೆ ವಿವರವಾಗಿ ಬರೆದವನು ಒಬ್ಬ ಬ್ರಿಟಿಷ್ ಅಧಿಕಾರಿ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಕೆರೆಗಳಲ್ಲಿ ಗಾಳ ಹಾಕುವ ಬಗ್ಗೆಯೇ ಆತ 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕ ಬರೆದ. ಇವೆರಡರ ನಡುವೆ, 1882ರಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರ ಊರಾಗಿ ವೈಟ್‌ಫೀಲ್ಡ್ ಹುಟ್ಟಿತು.

ಥಾಮಸ್‌ಗೆ ಮುಖ್ಯವಾದ ಮೀನು ಮಹಶೀರ್, ಅಂದರೆ ನಮ್ಮ ಕಾವೇರಿ ಸೀಮೆಯ ಬಿಳಿಮೀನು. ಆ ಕಾಲದ ರೀತಿ ಹೀಗಿತ್ತು: ಸತ್ತ ಸಣ್ಣ ಮೀನನ್ನು ಕೊಕ್ಕೆಗಳಿಗೆ ಪೋಣಿಸಿ, ಅದರ ಬಾಲ ಸ್ವಲ್ಪ ಬಾಗಿರುವಂತೆ ಕಟ್ಟುವುದು. ನೀರಿನಲ್ಲಿ ಎಳೆದಾಗ ಅದು ಗಾಯಗೊಂಡ ಮೀನಿನಂತೆ ಗಿರಗಿರ ತಿರುಗುತ್ತದೆ. ದಾರ ಹುರಿಗೊಳ್ಳದಿರಲಿ ಎಂದು ನಡುವೆ ತಿರುಗುವ ಕೀಲು. ಸತ್ತದ್ದಕ್ಕೆ ಜೀವದ ನಟನೆ ಕೊಡುವುದೇ ಇಲ್ಲಿನ ಗುಟ್ಟು. ಕೊಕ್ಕೆಯ ಆಯ್ಕೆ ಅದಕ್ಕಿಂತ ಕಷ್ಟ. ಬಿಳಿಮೀನಿನ ಹಲ್ಲಿರುವುದು ಗಂಟಲಲ್ಲಿ, ಬಾಯಲ್ಲಲ್ಲ. ಆದರೂ ಅದರ ಬಾಯಿಯ ಹಿಡಿತಕ್ಕೆ ತೆಳು ಕೊಕ್ಕೆಗಳು ಮುದುಡಿ ಹೋಗುತ್ತಿದ್ದವು. ಹಾಗಾಗಿ ದಪ್ಪ ತಂತಿಯ ಗಟ್ಟಿ ಕೊಕ್ಕೆ ಬೇಕಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಹಿಡಿದದ್ದು ದಾಖಲಾಗಿದೆ. ಕಾವೇರಿ ದಂಡೆಯಲ್ಲಿ ಈ ದೈತ್ಯನಿಗೆ ಹೆಸರಾದ ಎರೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆ.

ಹಿಮದ ದೇಶಗಳಲ್ಲಿ ಲೆಕ್ಕ ಬೇರೆ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮಂಜುಗಡ್ಡೆಗೆ ತೂತು ಕೊರೆದು, ಪೈಕ್ ಎಂಬ ಬೇಟೆಗಾರ ಮೀನಿಗಾಗಿ ದೊಡ್ಡ ಸತ್ತ ಮೀನೊಂದನ್ನು ಇಳಿಬಿಟ್ಟು ಕಾಯುತ್ತಾರೆ. ಕೊರೆಯುವ ನೀರಿನಲ್ಲಿ ಪೈಕ್‌ಗೆ ಬೆನ್ನಟ್ಟುವ ಹುಮ್ಮಸ್ಸು ಕಡಿಮೆ, ಸುಮ್ಮನೆ ತೂಗುವ ಎರೆಯ ವಾಸನೆಯೇ ಅದನ್ನು ಕರೆಯುತ್ತದೆ. ಎರೆ ದೊಡ್ಡದಾದಷ್ಟೂ ಒಂದು ನಿಯಮ ಮರೆಯುವಂತಿಲ್ಲ: ಕೊಕ್ಕೆಯ ಮೊನೆ ಮಾಂಸದಲ್ಲಿ ಹೂತುಹೋಗಬಾರದು, ಹೊರಗಿರಬೇಕು. ಹೂತರೆ ಮೀನು ಎರೆ ತಿಂದು ಹೋಗುತ್ತದೆ, ಕೊಕ್ಕೆ ನಾಟುವುದಿಲ್ಲ. ಅಲುಗಾಡುವ ಎರೆ ಕಣ್ಣಿಗೆ, ನಾರುವ ಎರೆ ಮೂಗಿಗೆ. ನಮ್ಮ ಕೆರೆಗಳ ಕಥೆ ಅರ್ಥವಾಗಲು ಈ ಒಂದು ವ್ಯತ್ಯಾಸ ನೆನಪಿದ್ದರೆ ಸಾಕು.

ಸ್ವಾತಂತ್ರ್ಯದ ನಂತರ ಕೆರೆಯ ಮೀನೇ ಬದಲಾಯಿತು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ‘ಜಿಲೇಬಿ’ ಎಂಬ ಹೆಸರಿನಲ್ಲಿ ನಮ್ಮ ಕೆರೆಗಳಲ್ಲೂ ಮನೆ ಮಾಡಿತು. ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಸಾಕುವುದು ರೂಢಿಯಾಯಿತು, ಕೆರೆಗಳು ಮೀನಿನ ಗುತ್ತಿಗೆಗೆ ಹೋದವು. ಈ ಮೀನುಗಳಿಗೆ ಕಪ್ಪೆ ಬೇಡ. ಮೈದಾ, ಕಡಲೆ ಹಿಟ್ಟು, ರಾಗಿ ಮುದ್ದೆಯ ಉಂಡೆ ಸಾಕು, ಜಿಲೇಬಿಗೆ ಎರೆಹುಳು. ಕೊಕ್ಕೆ ಸಣ್ಣದಾಯಿತು, ನೂಲಿನ ದಾರದ ಜಾಗಕ್ಕೆ ನೈಲಾನ್ ಬಂತು.

ಅದೇ ದಶಕಗಳಲ್ಲಿ ಕೆರೆಯ ಮೇಲಿನ ನೆಲವೂ ಬದಲಾಯಿತು. 1970ರ ದಶಕದಲ್ಲಿ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ಗೆ ಐಟಿ ಪಾರ್ಕ್ ಬಂತು. ಜನ ಬಂದರು, ಒಳಚರಂಡಿ ಅದೇ ವೇಗದಲ್ಲಿ ಬರಲಿಲ್ಲ. ಮಳೆನೀರು ಹರಿಯುವ ರಾಜಕಾಲುವೆಗಳಲ್ಲಿ ಕೊಳಚೆ ಹರಿಯಿತು. ಬೇಸಿಗೆಯಲ್ಲಿ ಇಳಿಯಬೇಕಿದ್ದ ಕೆರೆ ವರ್ಷವಿಡೀ ತುಂಬಿ ನಿಂತಿತು. ನೋಡಿದವರಿಗೆ ಕೆರೆ ತುಂಬಿದೆ, ಒಳಗೆ ಆಮ್ಲಜನಕವಿಲ್ಲ.

ಮುಂದಿನದು ಪತ್ರಿಕೆಗಳಲ್ಲಿ ನೀವೇ ಓದಿದ್ದೀರಿ. ವರ್ತೂರಿನ ನೊರೆ ರಸ್ತೆಗೆ ಹಾರಿತು. ಬೆಳ್ಳಂದೂರು ಕೆರೆಗೆ 2015ರಲ್ಲೂ, ಆಮೇಲೆಯೂ ಬೆಂಕಿ ಬಿತ್ತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ಚಂದಾಪುರ ಕೆರೆಯ ಹಾನಿಗಾಗಿ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ವಿಧಿಸಿತು.

ಈ ನೀರಿನಲ್ಲಿ ಕಾಟ್ಲಾ, ರೋಹು ಬಾಳುವುದು ಕಷ್ಟ. ಬಾಳುವುದು ಆಫ್ರಿಕನ್ ಕ್ಯಾಟ್‌ಫಿಶ್. ಕೊರವದಂತೆ ಇದೂ ಗಾಳಿ ಉಸಿರಾಡಬಲ್ಲದು, ಆದರೆ ಇದಕ್ಕೆ ತಿಳಿನೀರಿನ ಹಂಗಿಲ್ಲ. ಬಾಯಿಯ ಸುತ್ತಲಿನ ನಾಲ್ಕು ಜೊತೆ ಮೀಸೆಗಳಿಂದ ಕತ್ತಲಲ್ಲೂ ರುಚಿ ವಾಸನೆ ಹುಡುಕಿಕೊಂಡು ಬರುತ್ತದೆ. ಸಿಕ್ಕಿದ್ದನ್ನೆಲ್ಲ, ಬೇರೆ ಮೀನಿನ ಮರಿಗಳನ್ನೂ ತಿನ್ನುತ್ತದೆ. ಕೇಂದ್ರ ಸರ್ಕಾರ 2000ದಲ್ಲೇ ಇದರ ಸಾಕಣೆ ನಿಷೇಧಿಸಿದರೂ ನಾಡಿನ ಮಾಗೂರಿನ ಹೆಸರಿನಲ್ಲಿ ಮಾರಾಟ ನಿಂತಿಲ್ಲ. ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಕದ್ದು ಸಾಕುವ ಹೊಂಡಗಳ ಮೇಲೆ ಬೆಂಗಳೂರಿನ ಹೊರವಲಯದಲ್ಲಿ ದಾಳಿಗಳೂ ನಡೆದಿವೆ.

ಆದ್ದರಿಂದಲೇ ಇವತ್ತು ಗಾಳದ ತುದಿಯಲ್ಲಿ ಕೋಳಿ ಕರುಳು. ದೊಡ್ಡ ಕೊಕ್ಕೆ, ದಪ್ಪ ದಾರ, ತಳಕ್ಕಿಳಿಸಲು ಭಾರ, ನಾರುವ ಎರೆ. ಅಲುಗಾಡಿಸುವ ಕೈಚಳಕ ಬೇಕಿಲ್ಲ, ಕಾದರೆ ಸಾಕು. ಹೆಪ್ಪುಗಟ್ಟಿದ ಸರೋವರದವರು ಚಳಿಯಿಂದಾಗಿ ಸತ್ತ ಎರೆ ಹಿಡಿದರು, ನಾವು ಕೊಳಚೆಯಿಂದಾಗಿ ಹಿಡಿದೆವು. ಕಣ್ಣಿನ ಬೇಟೆಯ ಕೆರೆ ಮೂಗಿನ ಬೇಟೆಯ ಕೆರೆಯಾಯಿತು.

ಇದು ಬರೀ ಹವ್ಯಾಸದ ಮಾತಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಏರಿಯ ಮೇಲೆ ಕೂತವರಲ್ಲಿ ಹಲವರಿಗೆ ಅದು ಸಂಜೆಯ ಸಾರು. ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ಕಟ್ಟಡ ಕೆಲಸಕ್ಕೆ ದೂರದ ಊರಿಂದ ಬಂದವರು ಅದನ್ನು ಮಕ್ಕಳಿಗೆ ಬಡಿಸುತ್ತಾರೆ. ಕೊಳಚೆಯಲ್ಲೂ ಬದುಕುವ ಮೀನಿಗೆ ಏನೂ ಆಗದಿರಬಹುದು, ಆದರೆ ಕಾರ್ಖಾನೆಯ ನೀರಿನಲ್ಲಿರುವ ಲೋಹ ಮೀನಿನ ಮೈಯಲ್ಲಿ ಶೇಖರವಾಗಿ ತಟ್ಟೆಗೆ ಬರುತ್ತದೆ. ಗಾಳ ಹಾಕಬೇಡಿ ಎಂಬ ಫಲಕ ನೆಟ್ಟರೆ ತಟ್ಟೆಯ ಪ್ರಶ್ನೆ ಮುಗಿಯುವುದಿಲ್ಲ. ಎಷ್ಟೋ ಕಡೆ ಬೇಲಿ ಹಾಕಿ, ನಡಿಗೆಯ ದಾರಿ ಮಾಡಿ ಕೆರೆ ‘ಅಭಿವೃದ್ಧಿ’ಯಾಯಿತು ಎನ್ನುತ್ತಾರೆ. ಬೇಲಿಯ ಹೊರಗೆ ಉಳಿದವರು ಬೇಲಿಯಿಲ್ಲದ, ಇನ್ನೂ ಕೊಳಕಾದ ಕೆರೆಗೆ ಹೋಗುತ್ತಾರೆ.

ಕೆರೆ ಸರಿಯಾಯಿತೋ ಇಲ್ಲವೋ ಎಂದು ಅಳೆಯಲು ಹಳೆಯ ಗಾಳದವರ ಲೆಕ್ಕವನ್ನೂ ಒಮ್ಮೆ ಇಟ್ಟುಕೊಳ್ಳಬಹುದು. ದಡದಲ್ಲಿ ಜೊಂಡಿದೆಯೇ? ಮಳೆ ಬಿದ್ದ ರಾತ್ರಿ ಕಪ್ಪೆ ವಟಗುಟ್ಟುತ್ತದೆಯೇ? ಕೊರವ ಮೇಲೆದ್ದು ಗಾಳಿ ಎಳೆಯುವುದು ಕಾಣುತ್ತದೆಯೇ? ಮೂರಕ್ಕೂ ಹೌದೆಂದರೆ ನೀರು ತಿರುಗಿ ಬರುತ್ತಿದೆ ಎಂದರ್ಥ. ಕೋಳಿ ಕರುಳಿಗೇ ಮೀನು ಬೀಳುತ್ತಿರುವ ತನಕ ಕಾಮಗಾರಿಯ ಫಲಕದಲ್ಲಿ ಎಷ್ಟು ಕೋಟಿ ಬರೆದಿದ್ದರೂ ಆ ಕೆರೆ ಇನ್ನೂ ಕೆರೆಯಾಗಿಲ್ಲ.