ಗಣಿಯ ರಾತ್ರಿ, ಕುರುಡು ಫಲಕ

ನಮ್ಮ ತಾತ ಕೆ.ಜಿ.ಎಫ್. ಗಣಿಯೊಳಗೆ ಇಳಿದವನು. ಅವನ ಟ್ರಂಕಿನಲ್ಲಿ ಅವನ ಅಪ್ಪನ ಕಾಲದ ಒಂದು ರಾತ್ರಿ ಫೋಟೊ ಇತ್ತು. ಶಾಫ್ಟಿನ ಗೋಪುರ, ಸಯನೈಡ್ ದಿಬ್ಬ, ಮೂಲೆಯಲ್ಲಿ ಕೂಲಿ ಲೈನು. ಹಿಂದುಗಡೆ ಯಾರೋ 'ಬೆಳದಿಂಗಳಲ್ಲಿ ಚಿನ್ನದ ಗಣಿ' ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ನನ್ನ ತಕರಾರು ಈ ಬೆಳದಿಂಗಳಿನ ಬಗ್ಗೆ.

ಸ್ಕೇಲಿಟ್ಟು ಕಂಬಗಳ ನೆರಳನ್ನು ಹಿಂದಕ್ಕೆ ಎಳೆದು ನೋಡಿದೆ. ಚಂದ್ರನ ನೆರಳಾದರೆ ಗೆರೆಗಳು ಸಮಾನಾಂತರವಾಗಿ ಓಡಬೇಕು, ಇಲ್ಲವೇ ದಿಗಂತದಲ್ಲಿ ಕೂಡಬೇಕು. ಇವು ಕೂಡಿದ್ದು ಶಾಫ್ಟಿನ ಬುಡದಲ್ಲಿ. ದಿಬ್ಬದ ಕಥೆಯೂ ಅಷ್ಟೇ. ಶಾಫ್ಟಿಗೆ ಹತ್ತಿರದ ಮೈ ಹೊಳೆಯುತ್ತೆ, ಸ್ವಲ್ಪ ಆಚೆಗೆ ಹೋದರೆ ಮಂಕು. ದೂರ ಎರಡು ಪಟ್ಟಾದರೆ ದೀಪದ ಬೆಳಕು ಕಾಲು ಭಾಗಕ್ಕಿಳಿಯುತ್ತೆ; ಬೆಳದಿಂಗಳಿಗೆ ಈ ಜಿಪುಣತನವಿಲ್ಲ.

ಅಂದರೆ ಇದು ಕರೆಂಟು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ತಂತಿಯ ಮೇಲೆ ಮೊದಲು ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗೆ 1905ರಲ್ಲಿ. ಮೈಸೂರು ಸಂಸ್ಥಾನದ ಪ್ರಗತಿ ಎಂದು ನಾನೂ ಪಾಠ ಮಾಡುತ್ತೇನೆ. ಗಣಿಗಿಳಿದವರಲ್ಲಿ ಬಹುಪಾಲು ತಮಿಳು ಜಿಲ್ಲೆಗಳಿಂದ ಬಂದ ದಲಿತರು. ಕೋಲಾರ ಸೀಮೆಯ ನಮ್ಮಂಥವರೂ ಇದ್ದರು. ಮಲಗುತ್ತಿದ್ದದ್ದು ಬಿದಿರು ತಟ್ಟಿಯ ಗುಡಿಸಲುಗಳಲ್ಲಿ.

ಫೋಟೊದಲ್ಲಿ ಆ ಲೈನು ಪೂರ್ತಿ ಕಪ್ಪು. ಯಂತ್ರಕ್ಕೆ ಬೆಳಕು, ನಮಗೆ ಕತ್ತಲು ಎಂದು ಬರೆದು ಲೇಖನ ಮುಗಿಸಿಯೂಬಿಟ್ಟಿದ್ದೆ. (ಇಂಥ ವಾಕ್ಯ ಬೇಗ ಕೈಗೆ ಸಿಗುತ್ತೆ.) ಲೈನಿನಲ್ಲೇ ಹುಟ್ಟಿದ ಅಜ್ಜಿಗೆ ಓದಿ ಹೇಳಿದೆ. "ಏನಪ್ಪ, ನಾವೇನು ಕತ್ಲಾಗೆ ಉಣ್ತಿದ್ವಾ? ಮನೆಮನೆಗೂ ಬುಡ್ಡಿ ಹಚ್ತಿದ್ವಲ್ಲ!" ಅಂದಳು.

ಮತ್ತೆ ಕೂತು ಯೋಚಿಸಬೇಕಾಯಿತು. ಆ ಕಾಲದ ಫೋಟೊ ಫಲಕಗಳಲ್ಲಿ ಬಹಳಷ್ಟು ಕೆಂಪಿಗೆ ಕುರುಡು. ಸೀಮೆಎಣ್ಣೆ ಬುಡ್ಡಿಯ ಬೆಳಕಾದರೋ ಹೆಚ್ಚಾಗಿ ಕೆಂಪು, ಹಳದಿ. ಕರೆಂಟು ದೀಪ ತನ್ನ ಜೋರಿನಿಂದಲೇ ಫಲಕದ ಮೇಲೆ ಮೂಡಿತು. ಬುಡ್ಡಿ ಎದುರಿಗಿದ್ದರೂ ಮೂಡದೇ ಹೋಗಿರಬಹುದು. ಬೆಳದಿಂಗಳು ಸುಳ್ಳು ಎಂದು ಸಾಧಿಸಲು ಹೊರಟ ನಾನು ಅದೇ ಫಲಕದ ಕತ್ತಲನ್ನು ಮಾತ್ರ ಪ್ರಶ್ನೆ ಕೇಳದೆ ನಂಬಿದ್ದೆ. ನಮ್ಮ ಜನರ ಬಗ್ಗೆ ದಫ್ತರಗಳಲ್ಲಿ 'ಏನೂ ಇಲ್ಲ' ಎಂದು ಕಂಡ ಕಡೆಯೆಲ್ಲ ಇನ್ನು ಮೇಲೆ ಈ ಫಲಕ ನೆನಪಾಗುತ್ತೆ.

ಗಣಿ 2001ರಲ್ಲಿ ಮುಚ್ಚಿತು. ನಿನ್ನೆ ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿದೆ. ಲೈನಿನ ಮೂರನೇ ಸಾಲಿನಲ್ಲಿ, ತಟ್ಟಿಯ ಸಂದಿಯಲ್ಲಿ, ಸಾಸಿವೆಗಿಂತ ಚಿಕ್ಕ ಒಂದು ಬೂದು ಚುಕ್ಕೆ. ಧೂಳಿನ ಕಲೆಯೋ ಬುಡ್ಡಿಯೋ ಹೇಳಲಾರೆ. ಅಜ್ಜಿ ಆಗಲೇ ಅದು ಯಾರ ಮನೆ ಅಂತ ಬೆರಳೆಣಿಸಿ ಲೆಕ್ಕ ಹಾಕುತ್ತಿದ್ದಾಳೆ.